ಎಂಜಿನ್ನಿನ ದೀಪ ಏನು ಹೇಳುತ್ತದೆ? – ದೋಷಸಂಕೇತವನ್ನು ಮನೆಯಲ್ಲೇ ಓದುವ ಬಗೆ

ನಿಮ್ಮ ಕಾರು, ರಿಕ್ಷಾ ಅಥವಾ ಸ್ಕೂಟರಿನ ಮೀಟರಿನಲ್ಲಿ ಎಂಜಿನ್ನಿನ ಆಕಾರದ ಚಿಕ್ಕ ಹಳದಿ ದೀಪವೊಂದಿದೆ. ಕೀಲಿ ತಿರುಗಿಸಿದಾಗ ಅದು ಉರಿಯುತ್ತದೆ, ಎಂಜಿನ್ ಚಾಲೂ ಆದ ಕೂಡಲೇ ಆರುತ್ತದೆ. ಆರದೆ ಹಾಗೆಯೇ ಉಳಿದ ದಿನ ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. ಕೆಲವರು 'ಗಾಡಿ ಓಡುತ್ತದಲ್ಲ' ಎಂದು ದೀಪವನ್ನು ಮರೆತುಬಿಡುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಗ್ಯಾರೇಜಿಗೆ ಹೋಗಿ, ಹೇಳಿದ ಭಾಗವನ್ನೆಲ್ಲ ಬದಲಿಸಿ, ಹಣ ತೆತ್ತು ಬರುತ್ತಾರೆ. ಮೂರನೆಯ ದಾರಿಯೊಂದಿದೆ. ದೀಪ ಏಕೆ ಉರಿಯಿತೆಂದು ವಾಹನದ ಕಂಪ್ಯೂಟರ್ ತಾನೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಮನೆಯಂಗಳದಲ್ಲೇ ಓದಿಕೊಳ್ಳಬಹುದು.

ಮಂಗಳೂರಿನ ಬೆಂಗ್ರೆಯಂತಹ ಊರಿನವರಿಗೆ ಈ ತಿಳಿವಳಿಕೆಯ ಅಗತ್ಯ ಇನ್ನೂ ಹೆಚ್ಚು. ಬೆಂಗ್ರೆಯ ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಫಲ್ಗುಣಿ ಹೊಳೆ, ತೆಂಕಣ ತುದಿಯಲ್ಲಿ ನೇತ್ರಾವತಿಯೂ ಬಂದು ಸೇರುವ ಅಳಿವೆಬಾಗಿಲು. ಹಳೆ ಬಂದರು ಕಣ್ಣೆದುರಿಗೇ ಇದೆ, ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ಆದರೆ ಕೆಟ್ಟ ವಾಹನವನ್ನು ರಸ್ತೆಯಲ್ಲಿ ಪೇಟೆಗೆ ಸಾಗಿಸಬೇಕೆಂದರೆ ತಣ್ಣೀರುಬಾವಿ, ಪಣಂಬೂರು ಸುತ್ತಿ, ಕೂಳೂರು ಸೇತುವೆ ದಾಟಿ ಬರಬೇಕು. ರಿಕ್ಷಾದಲ್ಲೋ ಮೀನಿನ ಟೆಂಪೋದಲ್ಲೋ ಅಂದಂದಿನ ದುಡಿಮೆ ನಡೆಸುವ ಮನೆಗೆ ಒಂದು ದಿನ ಗಾಡಿ ನಿಂತರೆ ಆ ದಿನದ ಸಂಪಾದನೆಯೂ ನಿಂತ ಹಾಗೆ. ಈಗಲೇ ಹೊರಡಬೇಕೋ, ನಾಳೆಯವರೆಗೆ ತಡೆಯಬಹುದೋ, ಅಥವಾ ಒಂದು ಪ್ಲಗ್ಗನ್ನು ಕಳಚಿ ಒರೆಸಿ ಮತ್ತೆ ಹಾಕಿದರೆ ಸಾಕೋ ಎಂಬುದು ಮೊದಲೇ ತಿಳಿದರೆ ಅದರ ಪ್ರಯೋಜನ ಸಣ್ಣದಲ್ಲ.

ಈ ವ್ಯವಸ್ಥೆ ಬಂದುದು ಹೇಗೆ?

ಕಾರ್ಬುರೇಟರ್ ಇದ್ದ ಕಾಲದ ವಾಹನಗಳಲ್ಲಿ ಇಂಥ ಸಂಕೇತಗಳಿರಲಿಲ್ಲ. ಮೆಕ್ಯಾನಿಕ್‌ನ ಕಿವಿ, ಮೂಗು, ಕೈ ಇವೇ ಪರೀಕ್ಷೆಯ ಸಾಧನಗಳಾಗಿದ್ದವು. ಹೊಗೆಯ ಮಾಲಿನ್ಯವನ್ನು ತಡೆಯಲು ಕಂಪ್ಯೂಟರ್ ನಿಯಂತ್ರಿತ ಎಂಜಿನ್‌ಗಳು ಬಂದಾಗ, ಎಂಜಿನ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು ತಪ್ಪಿದ್ದರೆ ಚಾಲಕನಿಗೆ ತಿಳಿಸಬೇಕೆಂಬ ನಿಯಮ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮೊದಲಾಯಿತು. ಆರಂಭದಲ್ಲಿ ಒಂದೊಂದು ಕಂಪನಿಯದು ಒಂದೊಂದು ಭಾಷೆ. 1996ರಿಂದ ಆ ದೇಶದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಒಂದೇ ರೀತಿಯ ಸಾಕೆಟ್, ಒಂದೇ ರೀತಿಯ ಸಂಕೇತ ಕಡ್ಡಾಯವಾಯಿತು. ಇದಕ್ಕೆ ಓ.ಬಿ.ಡಿ. ಎರಡನೆಯ ಹಂತ ಎಂದು ಹೆಸರು. ಓ.ಬಿ.ಡಿ. ಎಂದರೆ ವಾಹನದೊಳಗೇ ಇರುವ ದೋಷಪತ್ತೆಯ ಏರ್ಪಾಡು.

ನಮ್ಮ ದೇಶದಲ್ಲಿ 2013ರ ಏಪ್ರಿಲ್ ನಂತರ ತಯಾರಾದ ಬಿ.ಎಸ್.-4 ಕಾರುಗಳಲ್ಲಿ ಈ ಎರಡನೆಯ ಹಂತದ ವ್ಯವಸ್ಥೆ ಇದೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ಸ್ಕೂಟರ್, ಬೈಕುಗಳಿಗೂ ದೋಷದೀಪ ಬಂತು. 2023ರಲ್ಲಿ ದ್ವಿಚಕ್ರ ವಾಹನಗಳ ನಿಯಮ ಇನ್ನೊಂದು ಹೆಜ್ಜೆ ಬಿಗಿಯಾಯಿತು. ಆದ್ದರಿಂದ ನಿಮ್ಮ ವಾಹನ ಇತ್ತೀಚಿನದಾದರೆ ಸಂಕೇತ ಅದರೊಳಗೆ ಇದ್ದೇ ಇದೆ ಎಂದು ತಿಳಿಯಿರಿ.

ಓದಲು ಏನೇನು ಬೇಕು?

ಕಾರಿನಲ್ಲಿ ಸ್ಟೀರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ, ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಕೆಲವು ವಾಹನಗಳಲ್ಲಿ ಅದರ ಮೇಲೆ ಚಿಕ್ಕ ಮುಚ್ಚಳವಿರುತ್ತದೆ. ಈ ಸಾಕೆಟ್ಟಿಗೆ ಸಿಕ್ಕಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಅಡಾಪ್ಟರ್ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಅದು ಬ್ಲೂಟೂತ್ ಮೂಲಕ ಮೊಬೈಲಿಗೆ ಸಂಪರ್ಕಗೊಂಡು ಸಂಕೇತವನ್ನು ಪರದೆಯ ಮೇಲೆ ತೋರಿಸುತ್ತದೆ. ಪರದೆ ತನ್ನಲ್ಲೇ ಇರುವ ಕೈಸ್ಕ್ಯಾನರ್‌ಗಳೂ ಇವೆ. ನೆರೆಕರೆಯ ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಂಡರೂ ಸಾಕು, ದಿನನಿತ್ಯ ಬೇಕಾಗುವ ವಸ್ತುವೇನಲ್ಲ.

ಕ್ರಮ ಹೀಗೆ:

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಆರಿಸಿ.

2. ಅಡಾಪ್ಟರನ್ನು ಸಾಕೆಟ್ಟಿಗೆ ಸಿಕ್ಕಿಸಿ. ಒತ್ತಾಯ ಬೇಡ. ಅದು ಒಂದೇ ದಿಕ್ಕಿನಲ್ಲಿ ಕೂರುತ್ತದೆ.

3. ಕೀಲಿಯನ್ನು 'ಆನ್' ಸ್ಥಾನಕ್ಕೆ ತಿರುಗಿಸಿ. ಎಂಜಿನ್ ಚಾಲೂ ಮಾಡುವ ಅಗತ್ಯವಿಲ್ಲ.

4. ಮೊಬೈಲಿನಲ್ಲಿ ಸಂಪರ್ಕ ಕೊಟ್ಟು ದೋಷಸಂಕೇತ ಓದುವ ಆಯ್ಕೆಯನ್ನು ಒತ್ತಿ.

5. ಬಂದ ಸಂಕೇತಗಳೆಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿ. ದಿನಾಂಕ, ಓಡಿದ ಕಿಲೋಮೀಟರ್, ಆ ದಿನ ಮಳೆಯಿತ್ತೇ, ಎಂಜಿನ್ ಬಿಸಿಯಿತ್ತೇ, ಈ ವಿವರಗಳೂ ಇರಲಿ.

6. ಕೆಲಸ ಮುಗಿದ ಮೇಲೆ ಅಡಾಪ್ಟರನ್ನು ತೆಗೆದಿಡಿ. ಅಲ್ಲೇ ಬಿಟ್ಟರೆ ನಿಂತ ವಾಹನದ ಬ್ಯಾಟರಿಯನ್ನು ಅದು ಮೆಲ್ಲಮೆಲ್ಲನೆ ಹೀರುತ್ತದೆ.

ಸಂಕೇತದ ಜೊತೆಗೆ, ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಉಷ್ಣತೆ ಎಷ್ಟಿತ್ತು ಎಂಬ ಚಿತ್ರವೊಂದನ್ನೂ ಕಂಪ್ಯೂಟರ್ ಉಳಿಸಿಟ್ಟಿರುತ್ತದೆ. ಅದನ್ನೂ ಬರೆದಿಟ್ಟುಕೊಂಡರೆ ಮೆಕ್ಯಾನಿಕ್‌ಗೆ ಬಹಳ ನೆರವಾಗುತ್ತದೆ.

ಐದು ಅಕ್ಷರಗಳ ಭಾಷೆ

ಸಂಕೇತದಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಅದರ ಮುಂದೆ ನಾಲ್ಕು ಸ್ಥಾನಗಳಿರುತ್ತವೆ. ಉದಾಹರಣೆಗೆ, ಪಿ 0301. ಮೊದಲ ಅಕ್ಷರ ದೋಷ ಯಾವ ಕಡೆಯದೆಂದು ಹೇಳುತ್ತದೆ. 'ಪಿ' ಎಂದರೆ ಎಂಜಿನ್ ಮತ್ತು ಗೇರು, 'ಸಿ' ಎಂದರೆ ಬ್ರೇಕು, ಸ್ಟೀರಿಂಗು ಮೊದಲಾದವು, 'ಬಿ' ಎಂದರೆ ಏರ್‌ಬ್ಯಾಗಿನಂತಹ ಬಾಡಿಯ ಭಾಗಗಳು, 'ಯು' ಎಂದರೆ ವಾಹನದೊಳಗಿನ ಕಂಪ್ಯೂಟರ್‌ಗಳ ನಡುವಣ ಸಂಪರ್ಕ. ಎರಡನೆಯ ಸ್ಥಾನದಲ್ಲಿ 0 ಇದ್ದರೆ ಅದು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ. 1 ಇದ್ದರೆ ಆಯಾ ಕಂಪನಿಯ ಸ್ವಂತ ಸಂಕೇತ, ಅದರ ಅರ್ಥವನ್ನು ಆ ಕಂಪನಿಯ ಪಟ್ಟಿಯಲ್ಲೇ ನೋಡಬೇಕು. ಮೂರನೆಯದು ವಿಭಾಗ: 1 ಮತ್ತು 2 ಗಾಳಿ ಹಾಗೂ ಇಂಧನ, 3 ಕಿಡಿ, 4 ಹೊಗೆಯ ನಿಯಂತ್ರಣ, 5 ವೇಗ ಮತ್ತು ಐಡ್ಲಿಂಗ್, 6 ಕಂಪ್ಯೂಟರ್, 7 ಗೇರು. ಕೊನೆಯ ಎರಡು ಸ್ಥಾನ ನಿರ್ದಿಷ್ಟ ದೋಷದ ಸಂಖ್ಯೆ.

ಹಾಗಾದರೆ ಪಿ 0301 ಎಂದರೇನು? ಎಂಜಿನ್ನಿನ ವಿಷಯ, ಎಲ್ಲರಿಗೂ ಸಮಾನವಾದ ಸಂಕೇತ, ಕಿಡಿಯ ವಿಭಾಗ, ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಇದನ್ನು ತಿಳಿಯಲು ಎಂಜಿನಿಯರ್ ಆಗಿರಬೇಕಾದ್ದಿಲ್ಲ.

ಸಂಕೇತ ಹೇಳುವುದು ಭಾಗದ ಹೆಸರನ್ನಲ್ಲ

ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು: ಸಂಕೇತವು 'ಈ ಭಾಗ ಕೆಟ್ಟಿದೆ, ಬದಲಿಸು' ಎಂದು ಹೇಳುವುದಿಲ್ಲ. 'ಈ ದಾರಿಯಲ್ಲಿ ನನಗೆ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ' ಎಂದಷ್ಟೇ ಹೇಳುತ್ತದೆ. ಆ ದಾರಿಯಲ್ಲಿ ಸೆನ್ಸರ್ ಇದೆ, ವೈರ್ ಇದೆ, ನಡುವೆ ಪ್ಲಗ್ ಇದೆ. ತಪ್ಪು ಎಲ್ಲಿ ಬೇಕಾದರೂ ಇರಬಹುದು.

ಪಿ 0118 ಎಂಬ ಸಂಕೇತವನ್ನು ತೆಗೆದುಕೊಳ್ಳಿ. ಎಂಜಿನ್ನಿನ ನೀರಿನ ಉಷ್ಣತೆಯನ್ನು ಅಳೆಯುವ ಸೆನ್ಸರಿನ ದಾರಿಯಲ್ಲಿ ವಿದ್ಯುತ್ತು 'ಹೆಚ್ಚು' ಎಂದು ಇದರ ಅರ್ಥ. ಇದನ್ನು ಓದಿದವರು ಎಂಜಿನ್ ವಿಪರೀತ ಬಿಸಿಯಾಗಿದೆ ಎಂದುಕೊಳ್ಳುತ್ತಾರೆ. ಸಂಗತಿ ನೇರ ವಿರುದ್ಧ. ಆ ಸೆನ್ಸರ್ ಬಿಸಿಯಾದಷ್ಟೂ ಅದರ ಪ್ರತಿರೋಧ ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ. ಕಂಪ್ಯೂಟರ್ ಈ ದಾರಿಗೆ 5 ವೋಲ್ಟ್ ಕಳುಹಿಸಿ, ಎಷ್ಟು ಉಳಿಯಿತೆಂದು ನೋಡಿ ಉಷ್ಣತೆಯ ಲೆಕ್ಕ ಹಾಕುತ್ತದೆ. ವೈರ್ ತುಂಡಾದರೆ ಅಥವಾ ಪ್ಲಗ್ ಕಳಚಿದರೆ 5 ವೋಲ್ಟೂ ಹಾಗೆಯೇ ಉಳಿಯುತ್ತದೆ. ಆಗ ಅನೇಕ ವಾಹನಗಳು ಎಂಜಿನ್ನಿನ ಉಷ್ಣತೆಯನ್ನು ಸೊನ್ನೆಗಿಂತ ಕೆಳಗೆ 40 ಡಿಗ್ರಿ ಎಂದು ತೋರಿಸುತ್ತವೆ! ಮಂಗಳೂರಿನ ಬೇಸಿಗೆಯಲ್ಲಿ ಹಿಮಾಲಯದ ಚಳಿ. ಹಾಗೆ ಸೊನ್ನೆಗಿಂತ ಕೆಳಗಿನ ಅಂಕಿ ಕಂಡರೆ ಮೊದಲು ನೋಡಬೇಕಾದ್ದು ಹೊಸ ಸೆನ್ಸರಿನ ಬೆಲೆಯನ್ನಲ್ಲ, ಪ್ಲಗ್ಗು ಮತ್ತು ವೈರನ್ನು.

ಪ್ಲಗ್ ಪೂರ್ತಿ ಕಳಚದೆ ಅರ್ಧಂಬರ್ಧ ಸಂಪರ್ಕವಿದ್ದರೆ ಇನ್ನೊಂದು ಬಗೆಯ ನಷ್ಟ. ಎಂಜಿನ್ ನಿಜವಾಗಿ ಬಿಸಿಯಿದ್ದರೂ ತಣ್ಣಗಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ, ಹೆಚ್ಚು ಪೆಟ್ರೋಲ್ ಹರಿಸುತ್ತದೆ. ಹೊಗೆ ಕಪ್ಪಾಗುತ್ತದೆ, ಮೈಲೇಜ್ ಇಳಿಯುತ್ತದೆ. ದೀಪ ಉರಿಯದೆಯೂ ಇರಬಹುದು, ಜೇಬು ಮಾತ್ರ ಹಗುರವಾಗುತ್ತಿರುತ್ತದೆ.

ಇದನ್ನು ಪತ್ತೆಹಚ್ಚುವ ಸುಲಭ ಉಪಾಯವೊಂದಿದೆ. ರಾತ್ರಿಯಿಡೀ ನಿಂತ ವಾಹನದಲ್ಲಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು, ಅಡಾಪ್ಟರಿನ ಮೂಲಕ ಎರಡು ಅಂಕಿಗಳನ್ನು ನೋಡಿ: ಎಂಜಿನ್ನಿನ ನೀರಿನ ಉಷ್ಣತೆ ಮತ್ತು ಒಳಗೆ ಹೋಗುವ ಗಾಳಿಯ ಉಷ್ಣತೆ. ಎರಡೂ ಹೊರಗಿನ ಹವೆಗೆ ಹೊಂದಿಕೊಂಡು ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 27, ಇನ್ನೊಂದು 28 ಎಂದಿದ್ದರೆ ಎರಡೂ ದಾರಿ ಸರಿಯಾಗಿವೆ. ಒಂದು 27, ಇನ್ನೊಂದು 9 ಎಂದಿದ್ದರೆ 9 ತೋರಿಸುವ ದಾರಿಯಲ್ಲಿ ತೊಡಕಿದೆ.

ಉಪ್ಪು ಗಾಳಿಯ ಊರಿನಲ್ಲಿ

ಕರಾವಳಿಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ತೆರೆ ಒಡೆದಾಗ ಏಳುವ ನೀರಿನ ಸಣ್ಣ ಹನಿಗಳು ಉಪ್ಪನ್ನು ಹೊತ್ತು ಗಾಳಿಯಲ್ಲಿ ತೇಲಿಬಂದು ವಾಹನದ ಮೇಲೂ ಒಳಗೂ ಕೂರುತ್ತವೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು. ಆದುದರಿಂದ ಬಿಸಿಲಿನ ದಿನದಲ್ಲೂ ಲೋಹದ ಮೇಲೆ ತೆಳುವಾದ ಉಪ್ಪುನೀರಿನ ಪದರ ಉಳಿಯುತ್ತದೆ. ಪ್ಲಗ್ಗಿನೊಳಗಿನ ತಾಮ್ರದ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಹಳೆಯ ತಾಮ್ರದ ಪಾತ್ರೆಯ ಮೇಲೆ ನೀವು ನೋಡಿರುವಂಥದ್ದೇ. ಮೀನಿನ ಟೆಂಪೋಗಳಲ್ಲಾದರೆ ಮಂಜುಗಡ್ಡೆ ಕರಗಿ ಸೋರುವ ಉಪ್ಪುನೀರು ಬೇರೆ. ಅದು ಚಾಸಿಯ ಅಡಿಯ ವೈರ್‌ಗಳ ಮೇಲೆ ದಿನವೂ ತೊಟ್ಟಿಕ್ಕುತ್ತದೆ. ಮೇಲಾಗಿ ಮಳೆಗಾಲದ ನಾಲ್ಕು ತಿಂಗಳು.

ಬೆಂಗ್ರೆ, ತಣ್ಣೀರುಬಾವಿ, ಉಳ್ಳಾಲ, ಮಲ್ಪೆ, ಗಂಗೊಳ್ಳಿ, ಹೀಗೆ ಕಡಲ ಬದಿಯಲ್ಲಿ ವಾಹನ ಇಟ್ಟಿರುವವರು ಸೆನ್ಸರಿನ ದಾರಿಗೆ ಸಂಬಂಧಪಟ್ಟ ಸಂಕೇತ ಬಂದಾಗ ಮೊದಲು ಮಾಡಬೇಕಾದ್ದು ಇಷ್ಟು:

• ಸಂಕೇತವನ್ನು ಬರೆದಿಟ್ಟುಕೊಂಡ ಮೇಲೆಯೇ ಬೇರೆ ಕೆಲಸ. ಬ್ಯಾಟರಿಯ ವೈರ್ ತೆಗೆದರೆ ಎಷ್ಟೋ ವಾಹನಗಳಲ್ಲಿ ಸಂಕೇತ ಅಳಿಸಿಹೋಗುತ್ತದೆ.

• ಕೀಲಿ ತೆಗೆದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಆ ಸೆನ್ಸರಿನ ಪ್ಲಗ್ಗಿನ ಲಾಕ್ ಒತ್ತಿ ಮೆಲ್ಲನೆ ಎಳೆಯಿರಿ. ವೈರನ್ನು ಹಿಡಿದು ಎಳೆಯಬೇಡಿ.

• ಒಳಗೆ ಹಸಿರು ಅಥವಾ ಬಿಳಿ ಪುಡಿ, ತೇವ, ಬಾಗಿದ ಪಿನ್ ಇದೆಯೇ ನೋಡಿ. ವೈರ್ ಇಲಿ ಕಡಿದಿದೆಯೇ, ಎಂಜಿನ್ನಿಗೆ ಉಜ್ಜಿ ಸವೆದಿದೆಯೇ ಎಂಬುದನ್ನೂ ಪರೀಕ್ಷಿಸಿ.

• ವಿದ್ಯುತ್ ಸಂಪರ್ಕ ಶುಚಿಗೊಳಿಸುವ ಸ್ಪ್ರೇ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನೇ ಬಳಸಿ, ಒಣಗಲು ಬಿಟ್ಟು ಮತ್ತೆ ಸಿಕ್ಕಿಸಿ. ಪೆಟ್ರೋಲ್, ಸಾಬೂನುನೀರು, ಮರಳುಕಾಗದ ಬೇಡ.

• ಪ್ಲಗ್ಗಿನ ಸುತ್ತಣ ರಬ್ಬರ್ ಹರಿದಿದ್ದರೆ ನೀರು ಮತ್ತೆ ನುಗ್ಗುತ್ತದೆ. ಅದನ್ನು ಬದಲಿಸಬೇಕು.

ಹಳದಿ ಬಣ್ಣದ ಏರ್‌ಬ್ಯಾಗ್ ಪ್ಲಗ್ಗುಗಳನ್ನು, ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳ ಕಿತ್ತಳೆ ಬಣ್ಣದ ವೈರ್‌ಗಳನ್ನು ಮನೆಯಲ್ಲಿ ಎಂದಿಗೂ ಮುಟ್ಟಬಾರದು. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಪರೀಕ್ಷೆ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲದು.

ಆಗಾಗ ಕಾಣುವ ಕೆಲವು ಸಂಕೇತಗಳು

ಪಿ 0300ರಿಂದ ಪಿ 0304: ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ, 0 ಇದ್ದರೆ ಇಂಥದ್ದೇ ಎಂದು ಹೇಳಲಾಗದು. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ ಅದಲುಬದಲು ಮಾಡಿಸಿ ನೋಡಬಹುದು. ಸಂಕೇತ ಪಿ 0301ರಿಂದ ಪಿ 0302ಕ್ಕೆ ಹೋದರೆ ತಪ್ಪು ಕಾಯಿಲಿನದೇ. ಹೋಗದಿದ್ದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಕಡೆ ನೋಡಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ.

ಪಿ 0171: ಗಾಳಿ ಹೆಚ್ಚು, ಇಂಧನ ಕಡಿಮೆ. ಗಾಳಿಯ ರಬ್ಬರ್ ಕೊಳವೆ ಬಿರುಕುಬಿಟ್ಟು ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿರುವುದು ಸಾಮಾನ್ಯ ಕಾರಣ. ಕೊಳವೆಗಳನ್ನು ಕೈಯಿಂದ ಬಗ್ಗಿಸಿ ನೋಡಿ.

ಪಿ 0562: ವಾಹನದ ವಿದ್ಯುತ್ ಒತ್ತಡ ಕಡಿಮೆ. ಬ್ಯಾಟರಿಯ ತುದಿಗಳ ಕಿಲುಬು, ಸಡಿಲ ಬೋಲ್ಟ್, ಬಾಡಿಗೆ ಕೊಟ್ಟ ಅರ್ಥ್ ವೈರ್ ಮೊದಲು ನೋಡಿ. ಒಂದೇ ದಿನ ಸಂಬಂಧವಿಲ್ಲದ ಐದಾರು ಸಂಕೇತಗಳು ಒಟ್ಟಿಗೆ ಬಂದರೂ ಶಂಕೆ ಮೊದಲು ಇಲ್ಲೇ ಇರಲಿ.

ಪಿ 0335: ಎಂಜಿನ್ನಿನ ಸುತ್ತನ್ನು ಎಣಿಸುವ ಸೆನ್ಸರಿನ ದಾರಿ. ಇದು ತಪ್ಪಿದರೆ ಗಾಡಿ ನಡುದಾರಿಯಲ್ಲಿ ನಿಂತುಬಿಡಬಹುದು. ದೂರ ಹೋಗಬೇಡಿ.

ಪಿ 0420: ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳಿರುವುದರಿಂದ ಬೆಲೆ ದುಬಾರಿ. ಬದಲಿಸುವ ಮೊದಲು ಸೈಲೆನ್ಸರ್ ಕೊಳವೆ ಸೋರುತ್ತಿದೆಯೇ, ಆಕ್ಸಿಜನ್ ಸೆನ್ಸರ್ ಸರಿಯಿದೆಯೇ, ಬೇರೆ ಸಂಕೇತವಿದೆಯೇ ಎಂದು ಕೇಳಿ.

ಸ್ಕೂಟರ್, ಬೈಕಿನವರಿಗೆ

ಅನೇಕ ಬಿ.ಎಸ್.-6 ದ್ವಿಚಕ್ರ ವಾಹನಗಳಲ್ಲಿ ಸೀಟಿನ ಕೆಳಗೆ ಅಥವಾ ಪಕ್ಕದ ಕವಚದೊಳಗೆ ಆರು ಪಿನ್ನಿನ ಚಿಕ್ಕ ಪ್ಲಗ್ ಇರುತ್ತದೆ. ಕಾರಿನ ಅಡಾಪ್ಟರನ್ನು ಅದಕ್ಕೆ ಜೋಡಿಸಲು ಬೇರೆ ಕೇಬಲ್ ಬೇಕು. ಕೆಲವು ಮಾದರಿಗಳಲ್ಲಿ ಯಾವ ಉಪಕರಣವೂ ಇಲ್ಲದೆ ದೀಪವೇ ಮಿಟುಕಿ ಸಂಕೇತ ಹೇಳುತ್ತದೆ. ದೀರ್ಘ ಮಿಟುಕು ಹತ್ತರ ಸ್ಥಾನ, ಹ್ರಸ್ವ ಮಿಟುಕು ಬಿಡಿ ಸ್ಥಾನ. ಎರಡು ದೀರ್ಘ, ಒಂದು ಹ್ರಸ್ವ ಎಂದರೆ 21. ಹೋಂಡಾ ಸಂಸ್ಥೆಯ ಅನೇಕ ಮಾದರಿಗಳಲ್ಲಿ 21 ಎಂದರೆ ಆಕ್ಸಿಜನ್ ಸೆನ್ಸರ್, 8 ಎಂದರೆ ಥ್ರಾಟಲ್, 12 ಎಂದರೆ ಇಂಜೆಕ್ಟರ್. ಬೇರೆ ಕಂಪನಿಗಳ ಲೆಕ್ಕ ಬೇರೆ ಇರುವುದರಿಂದ ನಿಮ್ಮ ಮಾದರಿಯ ಪಟ್ಟಿಯನ್ನೇ ನೋಡಿ.

ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು

ಪ್ರಶ್ನೆ: ದೀಪ ಉರಿಯುತ್ತಿದ್ದರೂ ಗಾಡಿ ಓಡಿಸಬಹುದೇ?

ಉತ್ತರ: ದೀಪ ಸ್ಥಿರವಾಗಿ ಉರಿಯುತ್ತಿದ್ದು, ಎಂಜಿನ್ ನಯವಾಗಿ ಓಡುತ್ತಿದ್ದು, ಬಿಸಿ ಏರದಿದ್ದರೆ ಮೆಲ್ಲನೆ ಮನೆಗೋ ಗ್ಯಾರೇಜಿಗೋ ಹೋಗಬಹುದು. ಕಾರು ಓಡುತ್ತಿರುವಾಗ ದೀಪ ಮಿಟುಕತೊಡಗಿದರೆ ಮಾತ್ರ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿದು ಕನ್ವರ್ಟರನ್ನು ಹಾಳುಮಾಡುತ್ತಿದೆ ಎಂದರ್ಥ. ಆಯಿಲ್ ಅಥವಾ ಉಷ್ಣತೆಯ ಕೆಂಪು ದೀಪ ಬಂದರಂತೂ ಕೂಡಲೇ ಎಂಜಿನ್ ಆರಿಸಿ.

ಪ್ರಶ್ನೆ: ಸಂಕೇತವನ್ನು ಅಳಿಸಿಬಿಟ್ಟರೆ ಆಯಿತಲ್ಲವೇ?

ಉತ್ತರ: ದೀಪ ಆರುತ್ತದೆ, ರೋಗ ಉಳಿಯುತ್ತದೆ. ಅನೇಕ ದೋಷಗಳಲ್ಲಿ ಎರಡು ಓಡಾಟಗಳಲ್ಲಿ ಸತತವಾಗಿ ತಪ್ಪು ಕಂಡ ಮೇಲೆಯೇ ದೀಪ ಉರಿಯುತ್ತದೆ. ಅಳಿಸಿದ ಕೂಡಲೇ ದೀಪವಿಲ್ಲದಿರುವುದು ಗುಣವಾದ ಲಕ್ಷಣವಲ್ಲ. ಅಲ್ಲದೆ ದೋಷದ ಕ್ಷಣದ ಚಿತ್ರವೂ ಅಳಿಸಿಹೋಗಿ ಮೆಕ್ಯಾನಿಕ್ ಕತ್ತಲಲ್ಲಿ ಹುಡುಕಬೇಕಾಗುತ್ತದೆ. ದುರಸ್ತಿಯಾದ ಮೇಲೆ ಅಳಿಸಿ, ಕೆಲವು ದಿನ ಓಡಿಸಿ, ಮತ್ತೆ ಓದಿ. ಬಾರದಿದ್ದರೆ ದುರಸ್ತಿ ಸರಿಯಾಗಿದೆ.

ಪ್ರಶ್ನೆ: ನೆರೆನೀರಿನಲ್ಲಿ ನಿಂತ ವಾಹನದಲ್ಲೂ ಸಂಕೇತ ಓದಬಹುದೇ?

ಉತ್ತರ: ಬೇಡ. ಕೀಲಿಯನ್ನೂ ತಿರುಗಿಸಬೇಡಿ. ಎಂಜಿನ್ನಿನೊಳಗೆ ನೀರಿದ್ದಾಗ ಚಾಲೂ ಮಾಡಿದರೆ ಒಳಗಿನ ಭಾಗಗಳೇ ಬಾಗಿಹೋಗಬಹುದು. ಎಳೆದುಕೊಂಡು ಹೋಗುವ ವ್ಯವಸ್ಥೆ ಮಾಡಿ.

ಗ್ಯಾರೇಜಿಗೆ ಹೋದಾಗ

ಸಂಕೇತ ಓದಲು ಬಂದ ಮಾತ್ರಕ್ಕೆ ನಾವು ಮೆಕ್ಯಾನಿಕ್ ಆಗುವುದಿಲ್ಲ. ಕಾಯಿಲೆಯ ಲಕ್ಷಣವನ್ನು ಸರಿಯಾಗಿ ಹೇಳಬಲ್ಲ ರೋಗಿಯಾಗುತ್ತೇವೆ, ಅಷ್ಟೆ. ಒಳ್ಳೆಯ ವೈದ್ಯರಿಗೆ ಬೇಕಾದ್ದೂ ಅದೇ. ಬರೆದ ಚೀಟಿಯನ್ನು ಕೊಟ್ಟು, "ಅಣ್ಣ, ನಿನ್ನೆ ಮಳೆಯಲ್ಲಿ ಬಂದ ಮೇಲೆ ಪಿ 0118 ಬಂದಿದೆ. ಪ್ಲಗ್ ಒರೆಸಿ ನೋಡಿದೆ, ಮತ್ತೆ ಬಂತು. ಸೆನ್ಸರ್ ಹಾಕುವ ಮೊದಲು ವೈರನ್ನು ಮೀಟರ್ ಹಿಡಿದು ಒಮ್ಮೆ ನೋಡ್ತೀರಾ?" ಎಂದು ಕೇಳಿ. ಇದರಲ್ಲಿ ಅವರ ಕೌಶಲಕ್ಕೆ ಅಗೌರವವೇನೂ ಇಲ್ಲ. ಭಾಗ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ.

ದೀಪ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಕಡಲ ಬದಿಯಲ್ಲಿ ಓಡಿಸುವ ವಾಹನದ ಅಡಿಭಾಗವನ್ನು ಆಗಾಗ ಸಿಹಿನೀರಿನಿಂದ ತೊಳೆಯಿರಿ. ಎಂಜಿನ್ನಿನ ಪ್ಲಗ್ಗುಗಳ ಮೇಲೆ ಮಾತ್ರ ಜೋರಾದ ನೀರು ಹಾಯಿಸಬೇಡಿ. ಮೀನಿನ ನೀರು ಚಾಸಿಗೆ ಸೋರದಂತೆ ಪೆಟ್ಟಿಗೆಯ ತೂತಿಗೆ ಕೊಳವೆ ಕೊಟ್ಟು ಒಂದು ಕ್ಯಾನಿಗೆ ಇಳಿಸಿ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬ್ಯಾಟರಿಯ ತುದಿ ಮತ್ತು ಅರ್ಥ್ ವೈರನ್ನು ಬಿಚ್ಚಿ ಒರೆಸಿ ಬಿಗಿಯಿರಿ. ಸಂಕೇತಗಳನ್ನು ಬರೆದಿಡಲು ವಾಹನದ ಕಾಗದಪತ್ರಗಳ ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಅದೇ ಸಂಕೇತ ಪ್ರತಿ ಮಳೆಗಾಲದಲ್ಲೂ ಮರಳಿ ಬರುತ್ತಿದ್ದರೆ, ತಪ್ಪು ಸೆನ್ಸರಿನದೋ ನೀರು ನುಗ್ಗುವ ಪ್ಲಗ್ಗಿನದೋ ಎಂಬುದನ್ನು ಆ ಪುಟಗಳೇ ನಿಮಗೆ ತೋರಿಸಿಕೊಡುತ್ತವೆ.